ನಾಲ್ಕನೇ ಸಾಲಿನ ‘ಇಲ್ಲ’

1988ರ ಏಪ್ರಿಲ್ 12, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ತಿಪ್ಪೇಶಪ್ಪನವರು ಚನ್ನಗಿರಿಯ ಬಸ್ ನಿಲ್ದಾಣದಲ್ಲಿ ನಿಂತು, ಉದ್ದನೆಯ ಒಂದು ಕಾಗದದ ಎರಡೂ ಅಂಚಿನ ತೂತುಪಟ್ಟಿಗಳನ್ನು ಹರಿದು ತೆಗೆಯುತ್ತಿದ್ದರು. ದಾವಣಗೆರೆಯ ಕಂಪ್ಯೂಟರಿನಿಂದ ಹಿಂದಿನ ದಿನ ಸಂಜೆ ಬಸ್ ಕಂಡಕ್ಟರರ ಕೈಯಲ್ಲಿ ಬಂದ ಕಾಗದ ಅದು. ಪಟ್ಟಿಗಳನ್ನು ಹರಿದು, ಸುರುಳಿ ಸುತ್ತಿ, ಜೇಬಿಗೆ ಹಾಕಿಕೊಂಡರು. ಕಾಗದವನ್ನು ಮಡಿಸಿ ಚೀಲಕ್ಕಿಟ್ಟರು. ಎರಡು ಹೆಜ್ಜೆ ನಡೆದು ಮತ್ತೆ ಹೊರಗೆ ತೆಗೆದು ನಾಲ್ಕನೇ ಸಾಲನ್ನು ಓದಿದರು. ಬಸ್ಸು ಬರುವಷ್ಟರಲ್ಲಿ ಹೀಗೆ ಮೂರು ಸಲ ಆಯಿತು. ಚಹಾದ ಅಂಗಡಿಯವನು ಗಾಜಿನ ಲೋಟ ಚಾಚಿದರೆ ಬೇಡವೆಂದು ಕೈಯಾಡಿಸಿದರು.

ಅವರ ಊರು ಸೂಳೆಕೆರೆಯ ಹಿಂಬದಿಯ ತೂಬಿನಹಳ್ಳಿ. ಹುಟ್ಟಿದ್ದು 1948. ತಂದೆ ಮತ್ತು ದೊಡ್ಡಪ್ಪ ಊರಿನ ಸತ್ತ ದನಗಳನ್ನು ಹೊತ್ತು ಸಾಗಿಸುವ ಮನೆತನದವರು. ಕೇರಿಯಿಂದ ಎಸ್‌ಎಸ್‌ಎಲ್‌ಸಿ ಪಾಸಾದವರಲ್ಲಿ ತಿಪ್ಪೇಶಪ್ಪ ಎರಡನೆಯವರು. 1969ರಲ್ಲಿ ಪಶು ವೈದ್ಯ ಇಲಾಖೆಯಲ್ಲಿ ಸಹಾಯಕರಾಗಿ ಸೇರಿದರು. ಜನ ಕರೆಯುತ್ತಿದ್ದದ್ದು ಕಾಂಪೌಂಡರ್ ಎಂದೇ. 1971ರಿಂದ ಐದು ವರ್ಷ ಜಗಳೂರು, ಅಲ್ಲಿಂದ ನ್ಯಾಮತಿ, 1980ರಲ್ಲಿ ಹೊನ್ನಾಳಿ, 1985ರಲ್ಲಿ ಚನ್ನಗಿರಿ. ಒಂದೊಂದು ಊರಿನಲ್ಲೂ ಯಾವ ಹಟ್ಟಿಯಲ್ಲಿ ಎಷ್ಟು ಕುರಿ, ಯಾರ ಮನೆಯ ಎಮ್ಮೆ ಯಾವ ತಿಂಗಳು ಗಬ್ಬ ಎಂಬುದು ಅವರಿಗೆ ಬಾಯಿಪಾಠ.

1986ರ ನವೆಂಬರಿನಲ್ಲಿ ಈ ನಾಲ್ಕು ಕಡೆಗಳಿಗೆ ಒಂದು ಪ್ರಯೋಗ ಬಂತು. ದನಕರುಗಳ ಕಾಯಿಲೆಯ ಲಕ್ಷಣಗಳನ್ನು ಒಂದು ಫಾರಂನಲ್ಲಿ ಬರೆದು ದಾವಣಗೆರೆಗೆ ಕಳಿಸಬೇಕು. ಅಲ್ಲಿ ಒಂದು ಕೊಠಡಿಯಲ್ಲಿದ್ದ ಕಂಪ್ಯೂಟರಿಗೆ ಅದನ್ನು ಉಣಿಸಿದರೆ ಅದು ಯಾವ ರೋಗವೆಂದು ಹೇಳುತ್ತದೆ. ಒಬ್ಬ ಪಶುವೈದ್ಯರಿಗೆ ನೂರಿಪ್ಪತ್ತು ಹಳ್ಳಿಗಳಿದ್ದ ಕಾಲ. ಕೆಲವು ಕಡೆ ಆ ಒಬ್ಬರ ಜಾಗವೂ ಖಾಲಿ ಇತ್ತು. ಯೋಜನೆಯ ಮುಖ್ಯಸ್ಥರು ಹಾಕಿದ್ದ ಶರತ್ತು ಒಂದೇ: ಕಾರಣ ಹೇಳದೆ ಯಾವ ಫಲಿತಾಂಶವನ್ನೂ ರೈತರಿಗೆ ಕೊಡಬಾರದು. ಆದ್ದರಿಂದ ಕಂಪ್ಯೂಟರು ತನ್ನ ತೀರ್ಮಾನದ ಜೊತೆಗೆ ಆ ತೀರ್ಮಾನಕ್ಕೆ ಹೇಗೆ ಬಂತೆಂಬುದನ್ನೂ ಸಾಲು ಸಾಲಾಗಿ ಅಚ್ಚು ಹಾಕುತ್ತಿತ್ತು. ಎಲ್ಲವೂ ಇಂಗ್ಲಿಷಿನಲ್ಲಿ. ಅದನ್ನು ಹಳ್ಳಿಗೆ ಒಯ್ದು ಕನ್ನಡದಲ್ಲಿ ಬಿಡಿಸಿ ಹೇಳಲು ಒಬ್ಬರು ಬೇಕಿತ್ತು. ನಾಲ್ಕೂ ಊರುಗಳಲ್ಲಿ ಕೆಲಸ ಮಾಡಿದವರು ತಿಪ್ಪೇಶಪ್ಪನವರೊಬ್ಬರೇ.

ಆ ಯಂತ್ರದೊಳಗೆ ಇದ್ದದ್ದು ಎರಡು ಬಗೆಯ ವಾಕ್ಯಗಳು. ಒಂದು, ಸಂಗತಿ: ‘ಈ ಎಮ್ಮೆಯ ಗಂಟಲು ಊದಿದೆ.’ ಇನ್ನೊಂದು, ನಿಯಮ: ‘ಗಂಟಲು ಊದಿದ್ದು, ಜ್ವರವೂ ಇದ್ದು, ಉಸಿರಾಟಕ್ಕೆ ಕಷ್ಟವಾದರೆ ಅದು ಗಳಲೆ ರೋಗ.’ ಸಂಗತಿಗಳನ್ನು ನಿಯಮಗಳಿಗೆ ಹೊಂದಿಸಿ ನೋಡುವುದು ಅದರ ಕೆಲಸ. ತಾನಾಗಿ ಅದಕ್ಕೆ ಏನೂ ತಿಳಿಯದು. ಫಾರಂನಿಂದ ಸಂಗತಿಗಳನ್ನು ಅದಕ್ಕೆ ಒತ್ತಿ ಕೊಡುತ್ತಿದ್ದ ಮೂವರು ಬಿ.ಎಸ್ಸಿ. ಓದಿದವರಲ್ಲಿ ನಾನೂ ಒಬ್ಬ.

ಹಳ್ಳಿಯಲ್ಲಿ ತಿಪ್ಪೇಶಪ್ಪನವರು ತೀರ್ಮಾನವನ್ನು ಮೊದಲು ಹೇಳುತ್ತಿರಲಿಲ್ಲ. ‘ನೀವು ಹಿಂಗೆ ಹೇಳಿದ್ರಿ’ ಎಂದು ಆರಂಭಿಸಿ ಒಂದೊಂದೇ ಸಾಲು ಓದಿ, ಪ್ರತಿ ಸಾಲಿಗೂ ದನದ ಮಾಲೀಕರು ಹೌದೆನ್ನುವ ತನಕ ಕಾಯುತ್ತಿದ್ದರು. ರೋಗದ ಹೆಸರು ಕೊನೆಗೆ. ಅಷ್ಟು ಹೊತ್ತಿಗೆ ಮಾಲೀಕರೇ ಅದನ್ನು ಹೇಳಿಬಿಡುತ್ತಿದ್ದದ್ದುಂಟು. ಜಗಳೂರು ಕಡೆಯ ಸೊಕ್ಕೆಯಲ್ಲಿ ಜುಂಜಪ್ಪ ಎಂಬ ಕುರಿಗಾರ ಮೊದಲ ದಿನವೇ ಅಡ್ಡ ಹಾಕಿದ್ದ.

“ನಿಮ್ಮ ಪೆಟ್ಟಿಗೆ ನಮ್ಮ ಕುರಿ ನೋಡೈತಾ?”

“ನೋಡಿಲ್ಲ. ನೀನು ನೋಡಿದ್ದನ್ನ ಕೇಳೈತೆ.”

“ನಾನು ಸುಳ್ಳು ಹೇಳಿದ್ರೆ?”

“ಅದೂ ಸುಳ್ಳು ಹೇಳ್ತೈತೆ. ನಿನಗಿಂತ ನೀಟಾಗಿ.”

ಹಟ್ಟಿಯ ಜನ ನಕ್ಕರು. ಜುಂಜಪ್ಪ ಮತ್ತೆ ಮೊದಲಿನಿಂದ ಲಕ್ಷಣ ಹೇಳಿದ. ಎರಡು ಉತ್ತರ ಬದಲಾದವು.

ಏಪ್ರಿಲ್ 12ರ ಕಾಗದ ತೂಬಿನಹಳ್ಳಿಯ ಮಲ್ಲಿಕಾರ್ಜುನಪ್ಪನವರ ಮನೆಯದು. ನಾಲ್ಕನೇ ತಾರೀಕಿನಿಂದ ಏಳರವರೆಗೆ, ನಾಲ್ಕು ದಿನದಲ್ಲಿ, ಅವರ ಕೊಟ್ಟಿಗೆಯಲ್ಲಿ ಮೂರು ದನ ಸತ್ತಿದ್ದವು. ಕೊನೆಯದು ಎರಡೂವರೆ ವರ್ಷದ ಹೋರಿ. ಎಂಟನೇ ತಾರೀಕು ಶುಕ್ರವಾರ ತಿಪ್ಪೇಶಪ್ಪನವರು ಹೋಗಿ, ಆ ಮನೆಯ ಪಡಸಾಲೆಯ ಮುಂದೆ ನಿಂತು ಫಾರಂ ತುಂಬಿಸಿಕೊಂಡು ಬಂದಿದ್ದರು. ಈಗ ಬಂದ ಕಾಗದದಲ್ಲಿ ಐದು ಸಾಲುಗಳಿದ್ದವು. ಹೋರಿಗೆ ಎರಡೂವರೆ ವರ್ಷ. ಹಿಂದಿನ ದಿನ ಹಿಂಗಾಲು ಕುಂಟುತ್ತಿತ್ತು. ಒಂದು ದಿನದೊಳಗೆ ಸತ್ತಿತು. ಸತ್ತ ಮೇಲೆ ಮೂಗು, ಬಾಯಿ, ಗುದದಿಂದ ರಕ್ತ: ಇಲ್ಲ. ಆದ್ದರಿಂದ ನೆರಡಿ ಅಲ್ಲ, ಚಪ್ಪೆ ಬೇನೆ.

ಎರಡೂ ದನವನ್ನು ಹಠಾತ್ತನೆ ಕೊಲ್ಲುವ ರೋಗಗಳೇ. ಆದರೆ ಚಪ್ಪೆ ಬೇನೆ ಮನುಷ್ಯರಿಗೆ ತಗಲುವುದಿಲ್ಲ. ನೆರಡಿ, ಅಂದರೆ ಆಂಥ್ರಾಕ್ಸ್, ತಗಲುತ್ತದೆ. ನೆರಡಿಯಿಂದ ಸತ್ತ ದನವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು. ಆರಡಿ ಆಳಕ್ಕೆ ಸುಣ್ಣ ಸುರಿದು ಹೂಳಬೇಕು. ಅದರ ರಕ್ತ ಸೋಂಕಿದ ಕೈಯಲ್ಲಿ ಮೊದಲು ಒಂದು ಗುಳ್ಳೆ, ಆಮೇಲೆ ಕಪ್ಪು ಹಕ್ಕಳೆ. ಚಿಕಿತ್ಸೆ ಇಲ್ಲದಿದ್ದರೆ ವಾರದೊಳಗೆ ಜೀವಕ್ಕೇ ಕುತ್ತು ಬರಬಹುದು.

ತಿಪ್ಪೇಶಪ್ಪನವರನ್ನು ನಿಲ್ಲಗೊಡದೆ ಇದ್ದದ್ದು ಒಂದು ಸಣ್ಣ ವಿಷಯ. ಮೊದಲ ಮೂರು ಸಾಲುಗಳ ಕೊನೆಯಲ್ಲಿ ಒಂದೊಂದು ಅಂಕಿ ಇತ್ತು. ಆ ಸಂಗತಿ ಫಾರಂನ ಎಷ್ಟನೆಯ ಪ್ರಶ್ನೆಯ ಉತ್ತರದಿಂದ ಬಂತೆಂಬ ಗುರುತು ಅದು. ನಾಲ್ಕನೆಯ ಸಾಲಿನ ಕೊನೆಯಲ್ಲಿ ಅಂಕಿ ಇರಲಿಲ್ಲ, ಒಂದು ಗೆರೆ ಇತ್ತು. ಇಂಥ ಗೆರೆಗಳು ಹಿಂದೆಯೂ ಬಂದಿದ್ದವು. ಅದರ ಅರ್ಥವೇನೆಂದು ಅವರು ಒಂದು ಸಲ ನನ್ನನ್ನೇ ಕೇಳಿದ್ದರು. ‘ಇಲ್ಲ ಅಂತ ಬಂದ ಕಡೆ ಅದು ಹಾಗೇ ಬರುತ್ತದೆ’ ಎಂದಿದ್ದೆ. ಅವರು ತಲೆಯಾಡಿಸಿದ್ದರು, ಒಪ್ಪಿದ್ದರೆಂದು ನಾನು ತಿಳಿದಿದ್ದೆ.

ತೂಬಿನಹಳ್ಳಿ ಚನ್ನಗಿರಿಯಿಂದ ಹದಿನಾಲ್ಕು ಕಿಲೋಮೀಟರು. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಬಸ್ಸು ಇಳಿದರು. ಮಲ್ಲಿಕಾರ್ಜುನಪ್ಪನವರ ಮನೆ ಮುಂದೆ ಏಳೆಂಟು ಜನ ಸೇರಿದ್ದರು. ದನ ಇದ್ದವರೆಲ್ಲರಿಗೂ ಭಯ ಇತ್ತು. ತಿಪ್ಪೇಶಪ್ಪನವರು ಎಂದಿನಂತೆ ಸಾಲು ಸಾಲಾಗಿ ಓದಿದರು, ಆದರೆ ಎಂದಿನಷ್ಟು ಕಾಯಲಿಲ್ಲ. ನಾಲ್ಕನೆಯದನ್ನು ಸ್ವಲ್ಪ ಬೇಗ ಓದಿದರು. ಚಪ್ಪೆ ಬೇನೆ, ನೆರಡಿ ಅಲ್ಲ, ಮಿಕ್ಕ ದನಗಳಿಗೆ ಚುಚ್ಚುಮದ್ದು ಹಾಕಿಸೋಣ ಎಂದರು. ಜನಕ್ಕೆ ಜೀವ ಬಂತು. ಇಬ್ಬರು ಆ ಸುದ್ದಿ ಹೇಳಲು ಎದ್ದು ಹೋದರು.

ಮಲ್ಲಿಕಾರ್ಜುನಪ್ಪನವರ ತಾಯಿ ಅಜ್ಜಮ್ಮ ಬಾಗಿಲ ಹೊಸ್ತಿಲಿನ ಒಳಗೆ ಕೂತು ಕೇಳುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಎಲ್ಲ ಮುಗಿದ ಮೇಲೆ ಅವರು ಕೇಳಿದರು:

“ರಕ್ತ ಬರಲಿಲ್ಲ ಅಂತ ಯಾರು ಹೇಳಿದ್ರಪ್ಪಾ?”

ಮಗ ತಾಯಿಯನ್ನು ಸುಮ್ಮನಿರಿಸಲು ನೋಡಿದರು. ಅಜ್ಜಮ್ಮ ಬಿಡಲಿಲ್ಲ. ದನ ಸತ್ತರೆ ತಮ್ಮ ಮನೆಯಲ್ಲಿ ಯಾರೂ ಅದರ ಮುಖ ನೋಡುವುದಿಲ್ಲ, ಹಗ್ಗ ಕತ್ತರಿಸಿ, ಕೇರಿಗೆ ಹೇಳಿಕಳಿಸಿ, ಅವರು ಬಂದು ಸಾಗಿಸುವ ತನಕ ಬಾಗಿಲು ಮುಂದಕ್ಕೆಳೆದುಕೊಂಡು ಒಳಗೇ ಇರುತ್ತಾರೆ. ಇದು ತಮ್ಮ ಮಾವನ ಕಾಲದಿಂದ ನಡೆದದ್ದು. ಹಾಗಿರುವಾಗ ರಕ್ತ ಬಂತೋ ಬಿಟ್ಟಿತೋ ಮನೆಯವರಿಗೆ ಹೇಗೆ ಗೊತ್ತು, ಎಂದರು.

“ಅವತ್ತು ನಾನೂ ಗೊತ್ತಿಲ್ಲ ಅಂದಿದ್ದೆ ಕಣ್ರೀ ಕಾಂಪೌಂಡ್ರೇ,” ಎಂದರು ಮಲ್ಲಿಕಾರ್ಜುನಪ್ಪ.

ಅಂದದ್ದು ನಿಜ. ತಿಪ್ಪೇಶಪ್ಪನವರು ಚೀಲದಿಂದ ಫಾರಂನ ನಕಲು ತೆಗೆದರು. ಒಂಬತ್ತನೆಯ ಪ್ರಶ್ನೆಯ ಮುಂದೆ ಹೌದು ಎಂದೂ ಇರಲಿಲ್ಲ, ಇಲ್ಲ ಎಂದೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಬರೆಯಬಾರದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು; ಅವರು ಬರೆದಿರಲಿಲ್ಲ. ದಾವಣಗೆರೆಯಲ್ಲಿ ಖಾಲಿ ಬಿಟ್ಟ ಕಡೆ ನಾವೂ ಏನನ್ನೂ ಒತ್ತುತ್ತಿರಲಿಲ್ಲ. ಯಂತ್ರಕ್ಕೆ ಮಾತ್ರ ‘ಗೊತ್ತಿಲ್ಲ’ ಎಂಬುದೊಂದು ಇದೆಯೆಂದೇ ತಿಳಿಯದು. ರಕ್ತ ಬಂತೇ ಎಂಬ ಪ್ರಶ್ನೆ ಎದುರಾದಾಗ ಅದು ತನ್ನಲ್ಲಿದ್ದ ಸಂಗತಿಗಳನ್ನೆಲ್ಲ ಹುಡುಕುತ್ತದೆ. ಸಿಕ್ಕದಿದ್ದರೆ ‘ಇಲ್ಲ’ ಎಂದು ತೆಗೆದುಕೊಂಡು ಮುಂದಕ್ಕೆ ಹೋಗುತ್ತದೆ. ಮೂರು ಕಡೆಯವರೂ ನಿಯಮದಂತೆಯೇ ನಡೆದಿದ್ದೆವು. ಯಾರೂ ಹೇಳದಿದ್ದ ‘ಇಲ್ಲ’ ಒಂದು ಅಚ್ಚಾಗಿ ಬಂದಿತ್ತು. ಅದನ್ನು ಊರ ಮುಂದೆ ಗಟ್ಟಿಯಾಗಿ ಓದಿದವರು ತಿಪ್ಪೇಶಪ್ಪನವರು.

ಸತ್ತ ದನವನ್ನು ನೋಡಿದವರು ಯಾರೆಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಶುಕ್ರವಾರವೂ ಅವರಿಗೆ ಅದು ಗೊತ್ತಿತ್ತು. ಆ ಊರಿನಲ್ಲಿ ಆ ಕೆಲಸವನ್ನು ಇನ್ನೂ ಬಿಡದೆ ಇದ್ದವರು ಒಬ್ಬರೇ: ಅವರ ದೊಡ್ಡಪ್ಪನ ಮಗ ಮಾರಪ್ಪ. 1978ರಲ್ಲಿ ನ್ಯಾಮತಿಯಿಂದ ರಜೆ ಹಾಕಿ ಬಂದು ತಿಪ್ಪೇಶಪ್ಪನವರು ಅಣ್ಣನಿಗೆ ಈ ಕೆಲಸ ಬಿಡಲು ಹೇಳಿದ್ದರು. ಕೇರಿಯ ಬೇರೆಯವರೆಲ್ಲ ಬಿಟ್ಟಿದ್ದರು. ಮಾತಿಗೆ ಮಾತು ಬೆಳೆದು, ನೀನು ಇದನ್ನು ಬಿಡುವ ತನಕ ನಿನ್ನ ಹೊಸ್ತಿಲು ತುಳಿಯುವುದಿಲ್ಲ ಎಂದು ಎದ್ದು ಹೋಗಿದ್ದರು. ಆ ಹತ್ತು ವರ್ಷದಲ್ಲಿ ಕೇರಿಯ ಬೇರೆ ಮನೆಗಳಿಗೆ ಬಂದಿದ್ದಾರೆ, ಆ ಮನೆಗೆ ಇಲ್ಲ. ಕಚೇರಿಯಲ್ಲಿ ಯಾರಿಗೂ ಆ ಅಣ್ಣನ ವಿಷಯ ಹೇಳಿರಲಿಲ್ಲ. ಶುಕ್ರವಾರ ಒಂಬತ್ತನೆಯ ಪ್ರಶ್ನೆ ಖಾಲಿ ಉಳಿದಾಗ, ಕೇರಿಯ ಕಡೆಗೆ ಒಮ್ಮೆ ನೋಡಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟಿದ್ದರು. ಆ ದಿನ ಬಸ್ಸಿಗೆ ಇನ್ನೂ ನಲವತ್ತು ನಿಮಿಷ ಇತ್ತು. ಇದನ್ನು ನನಗೆ ಆಮೇಲೆ ಅವರೇ ಹೇಳಿದ್ದು.

ಈಗ ಅವರು ಮಾತು ಮುಗಿಸದೆ ಎದ್ದರು. ಚಪ್ಪಲಿಗೆ ಕಾಲು ಸರಿಯಾಗಿ ಸೇರಿಸದೆಯೇ ನಡೆದರು. ಕೇರಿ ಮುನ್ನೂರು ಗಜ ದೂರ.

ಮಾರಪ್ಪ ಗುಡಿಸಲ ಮುಂದಿನ ಹುಣಸೆಮರದ ಕೆಳಗೆ ಕೂತು, ತೊಗಲಿನ ಮಿಣಿಹಗ್ಗವೊಂದಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಬಲಗೈಯಲ್ಲಿ ತಿಕ್ಕುತ್ತಿದ್ದರು, ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಹೆಂಡತಿ ಉಡಚಮ್ಮ ಒಳಗಿನಿಂದ ಯಾರೆಂದು ಬಗ್ಗಿ ನೋಡಿದರು.

“ಏನಪ್ಪಾ ಸರ್ಕಾರದೋರು, ದಾರಿ ತಪ್ಪಿತಾ?” ಎಂದರು ಮಾರಪ್ಪ.

ತಿಪ್ಪೇಶಪ್ಪನವರ ಕಣ್ಣು ಎಡಗೈಯ ಮೇಲೆ ನಿಂತಿತ್ತು. ಮುಂಗೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ನಾಲ್ಕಾಣೆ ಬಿಲ್ಲೆಯಷ್ಟು ಅಗಲದ ಕಪ್ಪು ಹಕ್ಕಳೆ. ಅದರ ಸುತ್ತ ಸಣ್ಣ ಸಣ್ಣ ನೀರುಗುಳ್ಳೆಗಳು. ಮೊಣಕೈವರೆಗೆ ಬಾವು. ಎಷ್ಟು ದಿನವಾಯಿತೆಂದು ಕೇಳಿದರು. ಶನಿವಾರ ಕಡಿತ ಇತ್ತು, ಈಗ ಅದೂ ಇಲ್ಲ, ನೋವಂತೂ ಮೊದಲಿನಿಂದಲೂ ಇಲ್ಲ, ಯಾವುದೋ ಹುಳ ಮುಟ್ಟಿರಬೇಕು ಎಂದರು ಮಾರಪ್ಪ. ನೆರಡಿಯ ಹಕ್ಕಳೆಗೆ ನೋವಿರುವುದಿಲ್ಲ; ಆ ಮಾತು ಕೇಳಿ ತಿಪ್ಪೇಶಪ್ಪನವರಿಗೆ ಇನ್ನೂ ದಿಗಿಲಾಯಿತು.

ಆಸ್ಪತ್ರೆಗೆ ಹೋಗಬೇಕು, ಈಗಲೇ, ಎಂದರು. ಮಾರಪ್ಪ ನಕ್ಕರು. ಸುದ್ದಿ ಆಗಲೇ ಕೇರಿಗೆ ಬಂದಿತ್ತು.

“ನೆರಡಿ ಅಲ್ಲ ಅಂತ ಈಗ ತಾನೆ ನೀನೇ ಓದಿ ಹೇಳಿದೆಯಂತೆ. ಮಿಷನ್ನು ಬರೆದು ಕೊಟ್ಟೈತಂತೆ. ಅವರ ಮನೆ ಮುಂದೆ ಒಂದು ಮಾತು, ನಮ್ಮನೆ ಮುಂದೆ ಒಂದು ಮಾತು?”

ತಿಪ್ಪೇಶಪ್ಪನವರ ಅಲ್ಲಿಯವರೆಗಿನ ಹದಿನೇಳು ತಿಂಗಳ ಕೆಲಸವೆಂದರೆ ಆ ಕಾಗದವನ್ನು ಜನ ನಂಬುವಂತೆ ಹೇಳುವುದು. ಅದನ್ನು ಅವರು ಚೆನ್ನಾಗಿ ಮಾಡಿದ್ದರು. ಸುಮ್ಮನೆ ಬೆದರಿಸಲು ನೋಡಿದರು: ಕೈ ಹೋಗುತ್ತದೆ, ಜೀವ ಹೋಗುತ್ತದೆ ಎಂದರು. ಮಾರಪ್ಪ ಮಿಣಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಹತ್ತು ವರ್ಷ ಹೊಸ್ತಿಲು ತುಳಿಯದವನು ಬಂದು ಹೆದರಿಸಿದರೆ ಎದ್ದು ಹೋಗುವ ಮನುಷ್ಯ ಅವರಲ್ಲ. ತಿಪ್ಪೇಶಪ್ಪನವರು ಮರದಿಂದ ಗುಡಿಸಲಿಗೆ, ಗುಡಿಸಲಿಂದ ಮರಕ್ಕೆ ಎರಡು ಸಲ ನಡೆದರು. ಉಡಚಮ್ಮ ಒಂದು ಚೊಂಬು ನೀರು ತಂದಿಟ್ಟು, ಕೂತುಕೋ ಮೈದುನಾ, ನೀನು ಹಿಂಗೆ ತಿರುಗಿದರೆ ನಮಗೆ ಏನು ತಿಳಿದೀತು, ಎಂದರು.

ಅವರು ನೆಲದ ಮೇಲೆ ಕೂತರು. ಕಾಗದವನ್ನು ಅಣ್ಣನ ಮುಂದೆ ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟರು. ಮಾರಪ್ಪನಿಗೆ ಓದು ಬರುತ್ತಿರಲಿಲ್ಲ. ನಾಲ್ಕನೇ ಸಾಲಿನ ಗೆರೆಯ ಮೇಲೆ ಬೆರಳಿಟ್ಟು ಹೇಳಿದರು:

“ಇಲ್ಲಿ ನೋಡು. ಮೇಲಿನ ಮೂರಕ್ಕೂ ಹೇಳಿದೋರು ಇದಾರೆ. ಇದಕ್ಕೆ ಯಾರೂ ಇಲ್ಲ. ಈ ಜಾಗ ನಿಂದು. ಅವತ್ತು ನಿನ್ನ ಕೇಳಬೇಕಿತ್ತು. ನಾನು ಕೇಳಲಿಲ್ಲ.”

ಮಾರಪ್ಪನ ಕೈ ನಿಂತಿತು.

“ಕೇಳದಿದ್ರೆ ಅದು ಇಲ್ಲ ಅಂತ ಹೆಂಗೆ ಬರೀತು?”

“ಅದರ ಬುದ್ಧಿ ಅಷ್ಟೇ ಅಣ್ಣಾ. ಯಾರೂ ಹೇಳದಿದ್ರೆ ಆಗಿಲ್ಲ ಅಂತ ತಿಳೀತೈತೆ.”

“ಊರೋರ ಬುದ್ಧಿನೂ ಅಷ್ಟೇ ಬಿಡು,” ಎಂದರು ಮಾರಪ್ಪ. ಆಮೇಲೆ ಮಿಣಿಯನ್ನು ಪಕ್ಕಕ್ಕಿಟ್ಟರು. “ಹಂಗಾರೆ ಈಗ ಕೇಳು. ಏನು ಬರ್ತೈತೋ ನೋಡಾಣ.”

ತಿಪ್ಪೇಶಪ್ಪನವರು ಫಾರಂ ತೆಗೆದು ಮೊದಲಿನಿಂದ ಕೇಳತೊಡಗಿದರು. ಮನೆಯವರು ಹೇಳಲಾಗದೆ ಬಿಟ್ಟದ್ದಕ್ಕೆಲ್ಲ ಮಾರಪ್ಪನಲ್ಲಿ ಉತ್ತರವಿತ್ತು. ಹೋರಿಯ ಮೂಗಿನಲ್ಲಿ ರಕ್ತ ಇತ್ತು, ಗುದದಲ್ಲೂ ಇತ್ತು. ಟಾರಿನ ಹಾಗೆ ಕಪ್ಪಗೆ. ಎತ್ತು ಕಟ್ಟಿ ಎಳೆದು ತಂದು ಹಾಕಿದ ಮೇಲೂ ಹೆಪ್ಪುಗಟ್ಟಲಿಲ್ಲ, ಹರಿಯುತ್ತಲೇ ಇತ್ತು. ಮೈ ಸೆಟೆದಿರಲಿಲ್ಲ; ಸತ್ತು ಅರ್ಧ ದಿನವಾಗಿದ್ದರೂ ಕಾಲು ಮಡಿಸಿದರೆ ಮಡಿಸುತ್ತಿತ್ತು. ಹೊಟ್ಟೆ ಬೇಗನೆ ಉಬ್ಬಿತ್ತು. ಚಪ್ಪೆ ಬೇನೆಯಲ್ಲಾಗುವಂತೆ ತೊಡೆ ಒತ್ತಿದರೆ ಒಳಗೆ ಗಾಳಿ ಇದ್ದ ಹಾಗೆ ಚರಚರ ಎಂದಿತೇ? ಇಲ್ಲ. ಇದು ಖಚಿತವಾದ ಇಲ್ಲ: ಸುಲಿಯುವಾಗ ನಾನೇ ಒತ್ತಿ ನೋಡಿದ್ದೆ, ಹಾಗಿದ್ದರೆ ನನಗೆ ಗೊತ್ತಾಗುತ್ತಿತ್ತು ಎಂದರು. ಮೊದಲ ಎರಡು ದನಗಳಲ್ಲೂ ಹೀಗೇ ಇತ್ತು. ಒಂದು ಪ್ರಶ್ನೆಗೆ ಮಾತ್ರ ಸ್ವಲ್ಪ ಯೋಚಿಸಿ, ಅದು ತಾನು ನೋಡಲಿಲ್ಲ ಎಂದರು. ತಿಪ್ಪೇಶಪ್ಪನವರು ಅದನ್ನು ಖಾಲಿ ಬಿಡಲಿಲ್ಲ. ಅದರ ಮುಂದೆ ‘ಗೊತ್ತಿಲ್ಲ’ ಎಂದು ಕನ್ನಡದಲ್ಲಿ ಬರೆದರು.

ಆಮೇಲೆ ಎಂದಿನ ಕ್ರಮದಲ್ಲಿ, ಎಂದಿನ ದನಿಯಲ್ಲಿ, ತಿರುಗಿ ಓದಿದರು. ನೀನು ಹಿಂಗೆ ಹೇಳಿದೆ. ಹೌದು. ರಕ್ತ ಇತ್ತು ಅಂದೆ. ಹೌದು. ಹೆಪ್ಪುಗಟ್ಟಲಿಲ್ಲ ಅಂದೆ. ಹೌದು. ಪ್ರತಿ ಸಾಲಿಗೂ ನಿಂತು ಕಾದರು. ಮಾರಪ್ಪ ಒಂದೊಂದು ಹೌದಿಗೂ ತನ್ನ ಎಡಗೈ ನೋಡಿಕೊಳ್ಳುತ್ತಿದ್ದರು. ಕೊನೆಯ ಹೆಸರನ್ನು ತಿಪ್ಪೇಶಪ್ಪನವರು ಹೇಳುವ ಮೊದಲೇ ಅವರು ಹೇಳಿದರು.

“ನೆರಡಿ.”

ತಿಪ್ಪೇಶಪ್ಪನವರು ಕೇಳಿದರು:

“ಇಷ್ಟೆಲ್ಲಾ ಗೊತ್ತಿದ್ದೂ ಯಾಕಣ್ಣ ಯಾರಿಗೂ ಹೇಳಲಿಲ್ಲ?”

“ಯಾರು ಕೇಳಿದ್ರು?” ಎಂದರು ಮಾರಪ್ಪ. ಅದರಲ್ಲಿ ಸಿಟ್ಟಿರಲಿಲ್ಲ. “ಮೂವತ್ತು ವರ್ಷದಿಂದ ಹೊರ್ತಾ ಇದೀನಿ. ಈ ದನ ಯಾತಕ್ಕೆ ಸತ್ತಿತು ಅಂತ ಒಬ್ಬರೂ ನನ್ನ ಕೇಳಿಲ್ಲ.” ಎದ್ದು ಹೆಂಡತಿಗೆ ಅಂಗಿ ಕೊಡಲು ಹೇಳಿದರು.

ಬಾಡು ಯಾರಾದರೂ ತಿಂದಿರಾ ಎಂದು ತಿಪ್ಪೇಶಪ್ಪನವರು ಗಾಬರಿಯಿಂದ ಕೇಳಿದ್ದಕ್ಕೆ ಉತ್ತರ ಕೊಟ್ಟವರು ಉಡಚಮ್ಮ. ನೀನು ಬೈದು ಹೋದ ವರ್ಷವೇ ಅದನ್ನು ಬಿಟ್ಟೆವು, ಈಗ ಚರ್ಮಕ್ಕೆ ಮಾತ್ರ ಹೋಗುವುದು, ನಿನಗೆ ಯಾರು ಬಂದು ಹೇಳಬೇಕಿತ್ತು, ಎಂದರು. ಮೂರು ಚರ್ಮವೂ ಹಿತ್ತಲಿನಲ್ಲಿ ಉಪ್ಪು ಹಚ್ಚಿ ಹಾಸಿದ್ದವು. ಉಡಚಮ್ಮನ ಕೈಯಲ್ಲಿ ಏನೂ ಇರಲಿಲ್ಲ. ತಿಪ್ಪೇಶಪ್ಪನವರು ಎರಡೂ ಕೈ ತಿರುಗಿಸಿ ಬಿಸಿಲಿಗೆ ಹಿಡಿದು ನೋಡಿದರು.

ಮುಂದಿನ ಬಸ್ಸು ಒಂದೂಕಾಲಿಗೆ. ಆಗ ಹನ್ನೊಂದು ಗಂಟೆ ಆಗಿತ್ತು. ಊರಲ್ಲಿದ್ದ ಒಂದೇ ಮೋಟಾರು ಸೈಕಲ್ಲು ಮಲ್ಲಿಕಾರ್ಜುನಪ್ಪನವರದು. ತಿಪ್ಪೇಶಪ್ಪನವರು ಹೋಗಿ ಎರಡು ಮಾತು ಹೇಳಿದರು: ತಾವು ಬೆಳಿಗ್ಗೆ ಓದಿದ್ದು ತಪ್ಪು, ಇದು ನೆರಡಿ, ದನ ಹೊತ್ತವರ ಕೈಗೆ ತಗಲಿದೆ. ಮಲ್ಲಿಕಾರ್ಜುನಪ್ಪ ಗಾಡಿಯ ಕೀಲಿಯನ್ನು ಅವರ ಮುಂದೆ ಚಾಚಿದರು. ತಿಪ್ಪೇಶಪ್ಪನವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಕೀಲಿ ಹಿಡಿದ ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಒಳಗಿನಿಂದ ಅಜ್ಜಮ್ಮ ಅಂದರು:

“ನಮ್ಮ ಕೊಟ್ಟಿಗೆಯಿಂದ ಹೋದ ಬೇನೆ ಅದು. ನೀನೇ ಕೂರಿಸ್ಕೊಂಡು ಹೋಗು.”

ಮಲ್ಲಿಕಾರ್ಜುನಪ್ಪ ಗಾಡಿಯನ್ನು ಕೇರಿಗೇ ತಿರುಗಿಸಿದರು. ಮಾರಪ್ಪ ಹಿಂದೆ ಕೂತು, ಬಲಗೈಯಲ್ಲಿ ಸೀಟಿನ ಕೆಳಗಿನ ಕಂಬಿ ಹಿಡಿದುಕೊಂಡರು. ಮುಂದೆ ಕೂತವರ ಭುಜ ಹಿಡಿಯಲಿಲ್ಲ.

ಗಾಡಿ ಹೋದ ಮೇಲೆ ತಿಪ್ಪೇಶಪ್ಪನವರು ಸುಮ್ಮನಿರಲಿಲ್ಲ. ಮನೆ ಮನೆಗೆ ಹೋಗಿ ಬೆಳಗಿನ ಮಾತನ್ನು ವಾಪಸು ತೆಗೆದುಕೊಂಡರು. ಹೀಗೆ ಮಾಡುವಾಗ ಜನ ಮಿಷನ್ನನ್ನು ಬೈದರೆ ‘ಮಿಷನ್ನಲ್ಲ, ಕೇಳದವನು ನಾನು’ ಎಂದು ಪ್ರತಿ ಮನೆಯಲ್ಲೂ ಹೇಳಿದರಂತೆ. ಚರ್ಮಗಳನ್ನು ಕೋಲಿನಿಂದ ಎಳೆಸಿ, ಆರಡಿ ಗುಂಡಿ ತೆಗೆಸಿ ಹೂಳಿಸಿ, ಅದರ ಮೇಲೂ ಮಾರಪ್ಪ ಮೊದಲೇ ಹೂತಿದ್ದ ಮೈಗಳ ಮೇಲೂ ಸುಣ್ಣ ಸುರಿಸಿದರು. ಒಂದೂಕಾಲಿನ ಬಸ್ಸಿನಲ್ಲಿ ಜಾಗವಿದ್ದರೂ ಚನ್ನಗಿರಿಯವರೆಗೆ ನಿಂತೇ ಬಂದರು.

ಚನ್ನಗಿರಿ ಆಸ್ಪತ್ರೆಯ ಡಾಕ್ಟರರು ಹೊಸಬರು, ಇಂಥ ಹಕ್ಕಳೆಯನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದರು. ಗಾಯ ತೊಳೆದು, ಕೈಗೆ ಬಟ್ಟೆ ಕಟ್ಟಿ, ನೋವೇ ಇಲ್ಲವಲ್ಲ ಎಂದು ಮನೆಗೆ ಕಳಿಸುವುದರಲ್ಲಿದ್ದರು. ತಿಪ್ಪೇಶಪ್ಪನವರು ಅವರ ಮೇಜಿನ ಮೇಲೂ ಫಾರಂ ಹಾಸಿ, ದನದ ರಕ್ತದಿಂದ ಹಿಡಿದು ಅಣ್ಣನ ಕೈಯವರೆಗೆ ಅದೇ ಕ್ರಮದಲ್ಲಿ ಹೇಳಿದರು. ಡಾಕ್ಟರರು ಎರಡು ಸಲ ಕೇಳಿಸಿಕೊಂಡು ಪೆನಿಸಿಲಿನ್ ಶುರು ಮಾಡಿದರು. ಎರಡನೆಯ ದಿನ ಬಾವು ಭುಜಕ್ಕೆ ಏರಿತು, ಜ್ವರ ನೂರಾಮೂರು ಮುಟ್ಟಿತು. ತಿಪ್ಪೇಶಪ್ಪನವರು ಆಸ್ಪತ್ರೆಯ ಜಗುಲಿಯ ಉದ್ದಕ್ಕೂ ಅಡ್ಡಾಡಿದರು. ನರ್ಸೊಬ್ಬಳು, ನಿಮಗೂ ಒಂದು ಹಾಸಿಗೆ ಕೊಡಬೇಕಾದೀತು ಎಂದು ಗದರಿಸಿದಳು. ಐದನೆಯ ದಿನ ಬೆಳಿಗ್ಗೆ ಜ್ವರ ಇಳಿಯಿತು. ಹತ್ತೊಂಬತ್ತು ದಿನದ ಮೇಲೆ, ಗಾಯದ ನೀರನ್ನು ಕಳಿಸಿದ್ದ ಬೆಂಗಳೂರಿನಿಂದ ಪರೀಕ್ಷೆಯ ಕಾಗದ ಬಂತು: ನೆರಡಿ. ಮಾರಪ್ಪನ ಮುಂಗೈಯಲ್ಲಿ ಒಂದು ಗುಳಿ ಉಳಿಯಿತು, ಕೈ ಉಳಿಯಿತು.

ಅಲ್ಲಿಗೆ ಮುಗಿಯಿತೆಂದು ನಾವು ಅಂದುಕೊಂಡೆವು. ತಿಪ್ಪೇಶಪ್ಪನವರು ಮಾತ್ರ ಮೇ ತಿಂಗಳಲ್ಲಿ ದಾವಣಗೆರೆಗೆ ಬಂದು, ಹದಿನೇಳು ತಿಂಗಳ ಹಳೆಯ ಕಾಗದಗಳೆಲ್ಲದರ ನಕಲು ಕೇಳಿದರು. ಗೆರೆ ಇದ್ದ ಸಾಲುಗಳಿಗೆ ನಾನೇ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟೆ. ಅದರ ಅರ್ಥವೇನೆಂದು ಈ ಸಲ ಸರಿಯಾಗಿ ಹೇಳಿದೆ. ಅವರು ಕೇಳಿ, ‘ಇದನ್ನ ಅವತ್ತೇ ಹೇಳಿದ್ರೆ ನಾನು ಎದ್ದು ಕೇರಿಗೆ ಹೋಗ್ತಿದ್ದೆ ಅಂತ ಹೇಳಾಕೆ ಬರಲ್ಲ ಬಿಡಿ’ ಎಂದರು. ಆಮೇಲೆ ನಾಲ್ಕು ತಿಂಗಳು ಪ್ರತಿ ಭಾನುವಾರ, ರಜೆ ಇದ್ದ ಪ್ರತಿ ದಿನ, ಆ ಕಾಗದಗಳ ಊರುಗಳಿಗೆ ತಿರುಗಿದರು. ಸವಳಂಗಕ್ಕೆ ಮೂರು ಸಲ ಹೋದರು. ಹೊನ್ನಾಳಿಯ ಹೊಳೆದಂಡೆಯ ಊರುಗಳು, ನ್ಯಾಮತಿ ಸುತ್ತಿನವು, ಜಗಳೂರಿನ ಹಟ್ಟಿಗಳು. ದನ ಸತ್ತ ಪ್ರತಿ ಕಡೆಯಲ್ಲೂ ಒಂದೇ ವಿಚಾರಣೆ: ಇದನ್ನು ಹೊತ್ತವರು ಯಾರು, ಸುಲಿದವರು ಯಾರು, ಅವರ ಮನೆ ಎಲ್ಲಿ. ಮನೆ ಸಿಕ್ಕರೆ ಹೋಗಿ ಅವರ ಕೈ ನೋಡುತ್ತಿದ್ದರು. ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಅವರ ಹೆಸರು ಬರೆದುಕೊಳ್ಳುತ್ತಿದ್ದರು. ನ್ಯಾಮತಿ ಕಡೆ ಒಬ್ಬರ ಮನೆಯಲ್ಲಿ ಉತ್ತರ ಕೊಟ್ಟದ್ದು ಅವರ ವಿಧವೆ. ಏನ್ರೀ, ಈಗ ಬಂದಿರಾ, ಎಂದರಂತೆ. ಆ ಸತ್ತವರ ಹೆಸರನ್ನೂ ಅವರು ಬರೆದುಕೊಂಡರು.

ಸೆಪ್ಟೆಂಬರಿನಲ್ಲಿ ದಾವಣಗೆರೆಯಲ್ಲಿ ಯೋಜನೆಯ ಪರಿಶೀಲನಾ ಸಭೆ. ಹೊರಗಿನಿಂದ ಬಂದ ತಜ್ಞರೊಬ್ಬರು, ಹೇಳದ್ದನ್ನು ಇಲ್ಲವೆಂದು ತೆಗೆದುಕೊಳ್ಳುವುದು ಇಂಥ ಪ್ರೋಗ್ರಾಮುಗಳಲ್ಲಿ ಎಲ್ಲೆಡೆ ಇರುವ ರೂಢಿ, ಒಂದು ಊರಿನ ಒಂದು ತಪ್ಪಿಗಾಗಿ ಅದನ್ನು ಬದಲಾಯಿಸುವ ಅಗತ್ಯ ಕಾಣದು ಎಂದರು. ‘ಗೊತ್ತಿಲ್ಲ’ ಎಂಬ ಮೂರನೆಯ ಉತ್ತರ ಸೇರಿಸಿದರೆ ಪ್ರತಿ ನಿಯಮವನ್ನೂ ತಿರುಗಿ ಬರೆಯಬೇಕಾಗುತ್ತದೆ. ಅದು ಆರು ತಿಂಗಳ ಕೆಲಸ. ಅವರ ಲೆಕ್ಕ ಸುಳ್ಳಾಗಿರಲಿಲ್ಲ. ಮುಖ್ಯಸ್ಥರು ಎಲ್ಲರ ಕಡೆ ನೋಡಿದರು. ತಿಪ್ಪೇಶಪ್ಪನವರು ಹಿಂದಿನ ಬೆಂಚಿನಲ್ಲಿ, ಡ್ರೈವರುಗಳ ಪಕ್ಕ ಕೂತಿದ್ದರು. ಯಾರೂ ಕೇಳದಿದ್ದರೂ ಎದ್ದು ನಿಂತರು. ಒಂದು ಊರಲ್ಲ ಸಾರ್, ದನ ಸತ್ತ ಕಡೆಯೆಲ್ಲ ಅದನ್ನು ಕೈಯಾರೆ ಮುಟ್ಟಿ ನೋಡಿದವರು ಇದ್ದರು, ಅವರನ್ನು ಬಿಟ್ಟು ನಾವು ಫಾರಂ ತುಂಬಿದೆವು, ಎಂದರು. ಹಾಗೆ ಬಿಟ್ಟುಹೋದವರು ಒಟ್ಟು ಎಷ್ಟು ಜನ ಇರಬಹುದು, ಎಂದು ತಜ್ಞರು ಕೇಳಿದರು. ತಿಪ್ಪೇಶಪ್ಪನವರು ನೋಟುಬುಕ್ಕು ತೆರೆಯಲಿಲ್ಲ.

“ನಲವತ್ಮೂರು ಜನ ಸಾರ್. ತೂಬಿನಹಳ್ಳಿಯ ನಮ್ಮ ಅಣ್ಣನ್ನ ಸೇರಿಸಿದ್ರೆ ನಲವತ್ನಾಲ್ಕು.”